ಸೊಂಟದ ಕುಡ್ಲು

"ಉಸ್ತಾದ್ರೇ, ಒಳ್ಳೇದು ಮಾಡಕ್ಕೆ ಹೋದವನ್ನ ಜನ ಯಾಕೆ ಕಳ್ಳನ್ನ ನೋಡ್ದಂಗೆ ನೋಡ್ತಾರೆ? ಈ ಅನುಮಾನಕ್ಕೆ ಮದ್ದೇನು?"

ಕೇಳ್ದೋನು ಹೇಮಂತ. ಗರಡೀಲಿ ಅವತ್ತು ಸಂಜೆ ಅಖಾಡದ ಮಣ್ಣು ಅಗೆಯೋ ಪಾಳಿ ಅವನದ್ದು. ಅರ್ಧ ಅಗೆದಿದ್ದ. ಗುದ್ದಲಿ ಮಣ್ಣಿಗೆ ಊರಿ ನಿಂತ್ಕೊಂಡು ಕೇಳ್ದ.

ಉಸ್ತಾದ್ ಜವರನಾಯಕ್ರು ಕಲ್ಲು ಚಪ್ಪಡಿ ಮೇಲೆ ಕೂತಿದ್ರು. ಅವರು ಓದಿದ್ದು ಎರಡನೇ ಕ್ಲಾಸು. ಅದನ್ನೂ ಜಂಬವಾಗೇ ಹೇಳ್ಕೊಳ್ಳೋರು. "ಮೂರನೇ ಕ್ಲಾಸಿಗೆ ಹೋಗಿದ್ರೆ ಮೇಷ್ಟ್ರು ನನ್ನ ಬಡೀತಿದ್ರು, ನಾನು ತಿರುಗಿಸಿ ಬಡೀತಿದ್ದೆ. ಪಾಪ ಮೇಷ್ಟ್ರು ಅಂತ ಬಿಟ್ಟೆ" ಅನ್ನೋರು.

"ಯಾರ್ಲಾ ನಿನ್ನ ಕಳ್ಳನ್ನ ನೋಡ್ದಂಗೆ ನೋಡಿದ್ದು?" ಅಂದ್ರು.

ಹೇಮಂತ ಹೇಳ್ದ. ಅವನು ಕಾಲೇಜಲ್ಲಿ ಓದ್ತಿದ್ದಿದ್ದು ಸಮಾಜಕಾರ್ಯ. ಕಷ್ಟದಲ್ಲಿರೋ ಜನಕ್ಕೆ ಹೆಂಗೆ ಕೈ ಆಸರೆ ಆಗ್ಬೇಕು ಅಂತ ಕಲಿಸೋ ಓದು. ಪಾಠ ಕ್ಲಾಸಲ್ಲಿ ಅರ್ಧ, ಕಾಲೋನೀಲಿ ಅರ್ಧ. ಅವನನ್ನ ರೈಲ್ವೆ ಗೇಟಿನಾಚೆ ಒಂದು ಕಾಲೋನಿಗೆ ಹಾಕಿದ್ರು. ಅಲ್ಲಿ ಚೌಡಮ್ಮ ಅಂತ ಒಬ್ರು, ಮನೇಲೇ ಊದುಬತ್ತಿ ಹೊಸೆಯೋರು. ಅವರ ಮಗಳು ಸ್ಕೂಲು ಬಿಟ್ಟು ಅಮ್ಮನ ಜತೆ ಹೊಸೆಯಕ್ಕೆ ಕೂತಿದ್ಳು. ಆ ಹುಡುಗೀನ ವಾಪಸ್ ಸ್ಕೂಲಿಗೆ ಸೇರಿಸೋದು ಹೇಮಂತನ ಕೆಲಸ. ಈ ತಿಂಗಳು ದಾಟಿದ್ರೆ ಸ್ಕೂಲಿನವರು ಅವಳ ಹೆಸರು ತೆಗೀತಾರೆ.

"ಹೋದಾಗೆಲ್ಲ ಬಾಗಿಲು ಸಂದೀಲೇ ಮಾತಾಡ್ತಾರೆ ಉಸ್ತಾದ್ರೇ. ನಿನ್ನೆ, ನಿನಗೇನು ಬೇಕು ಅಂತ ಕೇಳಿದ್ರು. ನನಗೇನೂ ಬೇಡಮ್ಮ, ನಿಮಗೆ ಒಳ್ಳೇದಾದ್ರೆ ಸಾಕು ಅಂದೆ. ಪಟ್ ಅಂತ ಅಗುಳಿ ಹಾಕ್ಕೊಂಡ್ರು."

"ಏನೂ ಬೇಡ ಅಂದ್ಯಾ?"

"ಹೂಂ."

"ಪುಣ್ಯಾತ್ಗಿತ್ತಿ, ಬರೀ ಅಗುಳಿ ಹಾಕ್ಕೊಂಡ್ಳು. ನಾನಾಗಿದ್ರೆ ನಾಯಿ ಬಿಡ್ತಿದ್ದೆ."

ಹೇಮಂತನಿಗೆ ರೇಗ್ತು. "ನಾನು ಸುಳ್ಳು ಹೇಳ್ಲಿಲ್ಲ. ನಮ್ಮ ಮೇಡಂ ಹೇಳ್ತಾರೆ, ಮೊದ್ಲು ನಂಬಿಕೆ ಗಳಿಸ್ಬೇಕು, ಆಮೇಲೆ ಕೆಲಸ ಅಂತ. ಹಬ್ಬಕ್ಕೆ ಸಿಹಿ ತಗೊಂಡು ಹೋದೆ. ನಮ್ಮಪ್ಪಾನೂ ಗಾರೆ ಕೆಲಸದೋರೇ ಅಂತ ಹೇಳ್ದೆ. ಆಯಮ್ಮ ನನ್ನ ನಂಬಲ್ಲ ಅಂದ್ರೆ ನಂಬಲ್ಲ. ಕಾಲೇಜು ಬಿಟ್ಟು ಅಪ್ಪನ ಜತೆ ಗಾರೆಗೇ ಹೋಗೋಣ ಅನ್ನಿಸ್ಬಿಟ್ಟಿದೆ ನನಗೆ."

"ನಿನ್ನ ಮೇಲೆ ನನಗೂ ಅನುಮಾನವೇ ಬುಡು. ಗಟ್ಟಿಮುಟ್ಟಾದ ಆಳು, ಊರೋರ ಮನೆ ಕಷ್ಟ ಕೇಳೋದು ಹೆಂಗೆ ಅಂತ ಕಲಿಯಕ್ಕೆ ಕಾಲೇಜಿಗೆ ಹೋಗ್ತಾನೆ ಅಂದ್ರೆ, ಒಳಗೆ ಏನೋ ಇರ್ಬೇಕು." ಉಸ್ತಾದ್ರು ತೊಡೆ ತಟ್ಕೊಂಡ್ರು. "ನನ್ನ ಬೆನ್ನು ಇವತ್ತಿನವರೆಗೂ ಅಖಾಡದ ಮಣ್ಣು ಕಂಡಿಲ್ಲ. ಯಾಕೆ ಗೊತ್ತಾ? ಎದುರಾಳಿ ನಗ್ತಾ ಕೈ ಕೊಟ್ರೆ ನಾನು ಅವನ ಮುಖ ನೋಡ್ತಿರ್ಲಿಲ್ಲ, ಕಾಲು ನೋಡ್ತಿದ್ದೆ. ಮುಖ ಹೆಂಗೆ ಬೇಕಾದ್ರೂ ತಿರುಗ್ತದೆ, ಕಾಲು ಎಲ್ಲಿಗೆ ಹೊರಟದೆ ಅನ್ನೋದು ಬಚ್ಚಿಡಕ್ಕಾಗಲ್ಲ. ಇವನು ಬಂದ, ಅನುಮಾನಕ್ಕೆ ಮದ್ದು ಕೇಳಕ್ಕೆ. ಅದೇನು ಕಜ್ಜೀನಾ? ಕೂತ್ಕೊ. ಗುದ್ದಲಿ ಕೆಳಗಿಡ್ಬೇಡ, ಹಿಡ್ಕೊಂಡೇ ಕೂತ್ಕೊ."

ಹೇಮಂತ ಗುದ್ದಲಿ ಹಿಡ್ಕೊಂಡೇ ಮಣ್ಣಲ್ಲಿ ಕೂತ. ಉಸ್ತಾದ್ರು ಶುರು ಮಾಡಿದ್ರು.

ಒಂದೂರು. ಊರಾಚೆ ಒಂದು ಗುಡ್ಲು. ಆ ಗುಡ್ಲಲ್ಲಿ ಒಬ್ಳು ಹೆಂಗಸು, ಗಂಡ ತೀರ್ಕೊಂಡೋಳು. ಕಾಡಂಚಲ್ಲಿ ಹುಲ್ಲು ಕೊಯ್ದು ಮಾರೋಳು, ಒಂದು ಎಮ್ಮೆ ಕಟ್ಕೊಂಡಿದ್ಳು, ಅದರಲ್ಲೇ ಬದುಕೋಳು. ಒಂದೇ ಮಗು ಅವಳಿಗೆ, ಗಂಡು. ಆ ಮಗು ಮರದಿಂದ ಬಿದ್ದು ಕಾಲು ಮುರ್ಕೊಂಡಿತ್ತು. ಮೂಳೆ ಸೊಟ್ಟಗೆ ಕೂಡ್ಕೊಂಡು ಕಾಲು ನೆಲಕ್ಕೆ ಊರಕ್ಕೇ ಆಗ್ತಿರ್ಲಿಲ್ಲ. ಬೇರೆ ಮಕ್ಕಳು ಓಡೋ ಕಡೆ ಇದು ತೆವಳ್ಕೊಂಡು ಹೋಗದು. ಅವು ವಾಪಸ್ ಬರೋ ಹೊತ್ತಿಗೆ ಇನ್ನೂ ಅರ್ಧ ದಾರೀಲಿರದು.

ಒಂದಿನ ಒಬ್ಬ ವ್ಯಾಪಾರಿ ಬಂದ. "ಅವ್ವಾ" ಅಂದ. ಜಗಲೀಲಿ ಕೂತು ಮಜ್ಜಿಗೆ ಕೇಳಿ ಇಸ್ಕೊಂಡು ಕುಡ್ದ. ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಬೆಲ್ಲ ತಿನ್ನಿಸ್ದ. ಕಾಲು ನೋಡಿ ಕಣ್ಣೀರು ಹಾಕ್ದ. ಪೇಟೇಲಿ ಒಬ್ಬ ಪಂಡಿತ ಇದಾನೆ, ಎಮ್ಮೆ ಹಾಲಲ್ಲಿ ಒಂದು ಎಣ್ಣೆ ಕಾಯಿಸ್ತಾನೆ, ಅದನ್ನ ತಿಕ್ಕಿದ್ರೆ ಮೂಳೆ ಮೇಣದಂಗೆ ಬಗ್ತದೆ ಅಂದ. ನಿನ್ನ ಎಮ್ಮೆ ನನ್ನ ಜತೆ ಕಳ್ಸು, ಎಣ್ಣೆ ಆದ್ಮೇಲೆ ಎಮ್ಮೇನೂ ಎಣ್ಣೇನೂ ತಂದು ಒಪ್ಪಿಸ್ತೀನಿ ಅಂದ. ದೇವರ ಮೇಲೆ ಆಣೆ ಇಟ್ಟ. ಅವಳು ಹಗ್ಗ ಬಿಚ್ಚಿ ಕೈಗೆ ಕೊಟ್ಳು.

ಎಮ್ಮೇನೂ ಬರ್ಲಿಲ್ಲ, ಎಣ್ಣೇನೂ ಬರ್ಲಿಲ್ಲ. ಎಮ್ಮೆ ಕಟ್ತಿದ್ದ ಗೂಟ ಅಲ್ಲೇ ಉಳೀತು. ಬೆಳಿಗ್ಗೆ ಕಸ ಗುಡಿಸೋವಾಗ ಅವಳು ಆ ಗೂಟದ ಸುತ್ತ ಗುಡಿಸೋಳು. ಕಿತ್ತು ಬಿಸಾಕ್ಲಿಲ್ಲ, ಕಣ್ಮುಂದೆ ಇರ್ಲಿ ಅಂತ. ಅವತ್ತಿಂದ ಹುಲ್ಲು ಕೊಯ್ಯೋ ಕುಡ್ಲು ಅವಳ ಸೊಂಟ ಬಿಡ್ಲಿಲ್ಲ. ಉಣ್ಣೋವಾಗ್ಲೂ ಸೊಂಟದಲ್ಲೇ, ಮಲಗೋವಾಗ್ಲೂ ಸೊಂಟದಲ್ಲೇ.

ಆಮೇಲೆ ಒಬ್ಬ ಹುಡುಗ ಬಂದ. ಅಲ್ಲೇ ಬೆಟ್ಟದ ಮೇಲೆ ಮೂಳೆ ಕಟ್ಟೋ ವೈದ್ಯ ಒಬ್ಬ ಇದ್ದ, ಈ ಹುಡುಗ ಅವನ ಹತ್ರ ವಿದ್ಯೆ ಕಲಿಯೋನು. ಮಗು ತೆವಳೋದು ಕಂಡ. ಬಾಗಿಲಿಗೆ ಬಂದು "ಅವ್ವಾ" ಅಂದ.

ಅವಳ ಕೈ ಸೊಂಟಕ್ಕೆ ಹೋಯ್ತು.

ಹುಡುಗ ಇದ್ದದ್ದು ಇದ್ದಂಗೆ ಹೇಳ್ದ. ಮಗೂನ ಬೆಟ್ಟಕ್ಕೆ ಕರ್ಕೊಂಡು ಬಂದ್ರೆ ನಮ್ಮ ಗುರುಗಳು ಮೂಳೆ ಬಿಡಿಸಿ ನೆಟ್ಟಗೆ ಕಟ್ತಾರೆ. ಈ ಮಳೆಗಾಲಕ್ಕೆ ಮುಂಚೇನೇ ಆಗ್ಬೇಕು. ಮಳೆ ಹಿಡಿದ್ರೆ ಹಳ್ಳ ತುಂಬಿ ದಾರಿ ಮುಚ್ತದೆ. ಮುಂದಿನ ವರ್ಷಕ್ಕೆ ಮೂಳೆ ಬಲ್ತು ಹೋಗ್ತದೆ, ಆಮೇಲೆ ಯಾರ ಕೈಲೂ ಆಗಲ್ಲ ಅಂದ. ಅವಳು ಬಾಗಿಲು ಹಾಕ್ಕೊಂಡ್ಳು.

ಹುಡುಗ ಇನ್ನೊಂದಿನ ಬೆಲ್ಲ ತಂದ. ಅವಳು ಆ ಬೆಲ್ಲ ಕಾಗೆಗೆ ಹಾಕಿ, ಕಾಗೆ ಸಾಯ್ತದಾ ಅಂತ ಕಾಯ್ಕೊಂಡು ಕೂತ್ಳು. ಕಾಗೆ ಸಾಯ್ಲಿಲ್ಲ. ಹಂಗಾದ್ರೆ ಇವನು ನಿಧಾನಸ್ಥ, ಮೊದ್ಲು ಒಗ್ಗಿಸ್ತಾನೆ ಅಂದ್ಕೊಂಡ್ಳು. ಹುಡುಗ ದೇವರ ಮೇಲೆ ಆಣೆ ಇಟ್ಟ. ಅವಳು ಅಗುಳಿ ಬಿಗಿ ಮಾಡಿದ್ಳು. ಹುಡುಗನಿಗೆ ನಿಜವಾಗ್ಲೂ ಅಳು ಬಂತು, ಜಗಲೀಲಿ ಕೂತು ಅತ್ತ. ಅವಳು ಬಾಗಿಲು ಸಂದೀಲಿ ನೋಡ್ತಾ ಕೂತ್ಳು. ಇವನು ಅವನಿಗಿಂತ ಚೆನ್ನಾಗಿ ಅಳ್ತಾನೆ ಅಂದ್ಕೊಂಡ್ಳು.

ಇಲ್ಲಿ ಹೇಮಂತ ತಡೆಯಲಾರದೆ ಬಾಯಿ ಹಾಕ್ದ. "ವ್ಯಾಪಾರಿ ಮಾಡಿದ್ದಕ್ಕೆ ಆ ಹುಡುಗ ಯಾಕೆ ಅನುಭವಿಸ್ಬೇಕು ಉಸ್ತಾದ್ರೇ? ಅವನು ಒಳ್ಳೇವನಲ್ವಾ?"

"ಒಳ್ಳೇವನು ಏನೇನು ಮಾಡ್ಬೌದೋ ಅದನ್ನೆಲ್ಲ ಕಳ್ಳ ಮೊದ್ಲೇ ಬಂದು ಮಾಡಿ ಹೋಗಿರ್ತಾನೆ ಕಣ್ಲಾ. ಅದೂ ನಿನಗಿಂತ ಚೆನ್ನಾಗಿ. ಸಿಹಿ ತಗೊಂಡು ಹೋದ್ನಂತೆ ಇವನು. ಬಾಯ್ಮುಚ್ಕೊಂಡು ಕೇಳು."

ಮೋಡ ಕಟ್ಟಕ್ಕೆ ಶುರುವಾಯ್ತು. ಹುಡುಗ ಮತ್ತೆ ಬಂದ. ಬರಿಗೈಲಿ ಬಂದ. ಜಗಲೀಲಿ ಕೂತ. ಮುಚ್ಚಿದ ಬಾಗಿಲಿಗೆ ಹೇಳ್ದ.

"ಅವ್ವಾ, ನನ್ನ ನಂಬ್ಬೇಡ. ನಂಬದೇನೇ ಮಗೂನ ಬೆಟ್ಟಕ್ಕೆ ಮುಟ್ಟಿಸೋದು ಹೆಂಗೆ, ನೀನೇ ಹೇಳು."

ಒಳಗೆ ಅವಳು ಯೋಚ್ನೆ ಮಾಡಿದ್ಳು. ಇದೂ ಒಂದು ಹೊಸ ಆಟ ಇರ್ಬೌದು. ಇದುವರೆಗೂ ಬಂದೋರೆಲ್ಲ ನಂಬು ನಂಬು ಅಂತಿದ್ರು, ಇವನು ನಂಬ್ಬೇಡ ಅಂತಾನೆ. ಇವನು ಎಲ್ಲರಿಗಿಂತ ದೊಡ್ಡ ಕಳ್ಳನೇ ಇರ್ಬೌದು. ಆದ್ರೆ ಮೂಲೇಲಿ ಮಗು ಆ ಸೊಟ್ಟ ಕಾಲನ್ನ ಎರಡೂ ಕೈಲಿ ಹಿಡ್ಕೊಂಡು ನೆಟ್ಟಗೆ ಮಾಡಕ್ಕೆ ನೋಡ್ತಿತ್ತು. ಅದು ಅವಳ ಕಣ್ಣಿಗೆ ಬಿತ್ತು.

ಬಾಗಿಲ ಹಿಂದಿಂದ್ಲೇ ಅಂದ್ಳು. "ನೀನು ಮುಂದೆ ನಡೀಬೇಕು. ಎರಡೂ ಕೈ ನನಗೆ ಕಾಣ್ಬೇಕು. ಮಗು ನನ್ನ ಬೆನ್ನ ಮೇಲೆ, ಕುಡ್ಲು ನನ್ನ ಕೈಲಿ. ದಾರಿ ತಪ್ಪಿಸಿದ್ರೆ..."

"ತಪ್ಪಿಸಿದ್ರೆ ಕುತ್ತಿಗೆಗೇ ಹಾಕು" ಅಂದ ಹುಡುಗ.

"ಅದನ್ನ ನೀನು ಹೇಳ್ಕೊಡ್ಬೇಕಾಗಿಲ್ಲ" ಅಂದ್ಳು.

ಹೊರಟ್ರು. ಹುಡುಗ ಮುಂದೆ, ಕೈ ಎರಡೂ ತಲೆ ಮೇಲೆ. ಕುಡ್ಲು ಹಿಂದೆ. ಕಾಲಿಗೆ ಮುಳ್ಳು ಚುಚ್ಚಿದ್ರೂ ಹುಡುಗ ಬಗ್ಗಿ ಕೀಳ್ಲಿಲ್ಲ, ಬಗ್ಗಿದ್ರೆ ಅವಳು ಏನಂದ್ಕೊಳ್ತಾಳೋ ಅಂತ ಕುಂಟ್ಕೊಂಡೇ ನಡ್ದ. ಹಳ್ಳದಲ್ಲಿ ನೀರು ಆಗ್ಲೇ ಏರಿತ್ತು. ನಡುವೆ ಪಾಚಿ ಕಲ್ಲಿನ ಮೇಲೆ ಅವಳ ಕಾಲು ಜಾರ್ತು, ಬೆನ್ನ ಮೇಲೆ ಮಗು ಕಿರುಚ್ತು. ಹುಡುಗ ತಿರುಗಿ ಕೈ ಚಾಚ್ದ. ಕುಡ್ಲು ಮೇಲೆದ್ದಿತ್ತು.

"ಮುಂದೆ ನೋಡು" ಅಂದ್ಳು.

ಹುಡುಗ ಕೈ ಹಿಂದಕ್ಕೆ ತಗೊಂಡ. ಮುಂದೆ ನೋಡ್ದ. ಕಾಲಲ್ಲೇ ತಡವಿ ತಡವಿ ಗಟ್ಟಿ ಕಲ್ಲು ಹುಡುಕ್ದ. ಒಂದೊಂದು ಕಲ್ಲಿನ ಮೇಲೂ ಅವಳು ನೋಡೋವರೆಗೂ ನಿಂತು ಆಮೇಲೆ ಮುಂದಕ್ಕೆ ಹೋದ. ಅವಳು ಅವನ ಕೈ ಹಿಡೀಲಿಲ್ಲ. ಅವನು ನಿಂತ ಕಲ್ಲಿನ ಮೇಲೆ ಕಾಲಿಟ್ಟು ದಾಟಿದ್ಳು.

ವೈದ್ಯ ಕುಡ್ಲು ಕಂಡು ಸಿಡುಕ್ದ. "ಏನಮ್ಮಾ ಇದು? ಗದ್ದೆಗೆ ಬಂದಿದೀಯಾ, ವೈದ್ಯನ ಮನೆಗೆ ಬಂದಿದೀಯಾ? ಆಚೆ ಇಟ್ಟು ಬಾ."

"ಇರ್ಲಿ ಬುಡಿ ಗುರುಗಳೇ" ಅಂದ ಹುಡುಗ. "ಅದಿಲ್ದಿದ್ರೆ ಮಗು ಇಲ್ಲಿಗಂಟ ಬರ್ತಿರ್ಲಿಲ್ಲ."

ಸೊಟ್ಟಗೆ ಕೂಡಿದ ಮೂಳೇನ ಮೊದ್ಲು ಬಿಡಿಸ್ಬೇಕು. ಹುಡುಗ ಮಗು ಕಾಲು ಬಿಗಿಯಾಗಿ ಹಿಡ್ಕೊಂಡ, ವೈದ್ಯ ಮೂಳೆ ಬಿಡಿಸ್ದ. ಮಗು ಕಿರುಚಿದ ಕಿರುಚಾಟಕ್ಕೆ ಆಚೆ ಹಕ್ಕಿ ಎಲ್ಲ ಎದ್ದು ಹಾರಿದ್ವು. ಅವಳು ಎದ್ದೇ ಬಿಟ್ಳು. ಕುಡ್ಲು ಹುಡುಗನ ಕುತ್ತಿಗೆ ಮೇಲೆ ಕೂತಿತ್ತು.

"ಬಿಡು ನನ್ನ ಮಗೂನ."

ಹುಡುಗ ತಿರುಗ್ಲಿಲ್ಲ. "ಅವ್ವಾ, ಬೇಕಿದ್ರೆ ಆಮೇಲೆ ಕೊಯ್ಯಿ. ಈಗ ಕೈ ಬಿಟ್ರೆ ಮೂಳೆ ಜಾರ್ತದೆ" ಅಂದ.

ವೈದ್ಯ ಬಿದಿರು ದಬ್ಬೆ ಇಟ್ಟು ಸುತ್ತಿ ಸುತ್ತಿ ಕಟ್ಟಿದ. ಕೊನೇ ಗಂಟು ಬೀಳೋವರೆಗೂ ಹುಡುಗನ ಕೈ ಕಾಲಿನ ಮೇಲಿತ್ತು, ಕುಡ್ಲು ಅವನ ಕುತ್ತಿಗೆ ಮೇಲಿತ್ತು. ಗಂಟು ಬಿದ್ಮೇಲೆ ಕುಡ್ಲು ಸೊಂಟಕ್ಕೆ ಹೋಯ್ತು. ಹುಡುಗನ ಕುತ್ತಿಗೇಲಿ ಒಂದು ಕೆಂಪು ಗೆರೆ ಉಳೀತು.

ಮಳೆ ಹಿಡೀತು, ದಾರಿ ಮುಚ್ತು. ಅವಳು ಮಗು ಕಟ್ಕೊಂಡು ವೈದ್ಯನ ಕೊಟ್ಟಿಗೇಲಿ ಉಳ್ಕೊಂಡ್ಳು. ಹುಡುಗ ದಿನಾ ಗಂಜಿ ತರೋನು. "ನೀನು ಮೊದ್ಲು ಕುಡಿ" ಅನ್ನೋಳು. ಅವನು ಕುಡಿಯೋನು. ಅವನ ಗಂಟಲು ಇಳಿಯೋದು ನೋಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮಗೂಗೆ ಕುಡಿಸೋಳು. ಹುಡುಗನಿಗೆ ಒಂದು ಒಳ್ಳೇ ಮಾತಾಡ್ಲಿಲ್ಲ. ಹೆಸರೂ ಕೇಳ್ಲಿಲ್ಲ. ಅವನೂ ಕುಡ್ಲಿನ ಸುದ್ದಿಗೆ ಹೋಗ್ಲಿಲ್ಲ. ಮಳೆ ನಿಂತು ಕಟ್ಟು ಬಿಚ್ಚೋ ದಿನ ಬಂತು. ಅವತ್ತೂ ಕುಡ್ಲು ಸೊಂಟದಲ್ಲೇ ಇತ್ತು. ವೈದ್ಯ ಕಟ್ಟು ಬಿಚ್ಚಿದ.

ಅಷ್ಟು ಹೇಳಿ ಉಸ್ತಾದ್ರು ನಿಲ್ಲಿಸಿದ್ರು. ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಎಲೆಗೆ ಸುಣ್ಣ ಸವರಕ್ಕೆ ಶುರು ಮಾಡಿದ್ರು.

ಹೇಮಂತ ಕಾದ. ಉಸ್ತಾದ್ರು ಎಲೆ ಮಡಚಿ ಬಾಯಿಗೆ ಹಾಕ್ಕೊಂಡ್ರು. ಆ ಹುಡುಗ ಮುಳ್ಳು ಕೀಳದೆ ನಡೆದದ್ದು, ಕುತ್ತಿಗೆ ಮೇಲಿನ ಕೆಂಪು ಗೆರೆ, ಒಂದು ಒಳ್ಳೇ ಮಾತೂ ಸಿಗದೇ ಹೋಗಿದ್ದು, ಎಲ್ಲಾ ಹೇಮಂತನಿಗೆ ತನಗೇ ಆದಂಗಿತ್ತು. ಚೌಡಮ್ಮನ ಮನೆ ಅಗುಳಿ ಸದ್ದು ಕಿವೀಲಿ ಇನ್ನೂ ಇತ್ತು.

"ಆಮೇಲೆ ಉಸ್ತಾದ್ರೇ? ಅವಳು ಕೊನೇಗಾದ್ರೂ ಕುಡ್ಲು ಕೆಳಗಿಟ್ಳಾ? ಅವನ್ನ ನಂಬಿದ್ಳಾ?"

ಉಸ್ತಾದ್ರು ಅವನ ಮುಖ ನೋಡ್ಲಿಲ್ಲ. ಅವನ ಕಾಲು ನೋಡಿದ್ರು.

"ಮಗು ನಡೀತಾ ಅಂತ ನೀನು ಕೇಳ್ಲೇ ಇಲ್ವಲ್ಲೋ."