ನೆತ್ತಿಯ ಹಾಸುಗಲ್ಲು

“ಬೀರಯ್ಯನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಗುರುಗಳೇ?” ಎಂದು ಶಿವದೇವ ಕೇಳಿದ. ಅವನು ಊರ ಶಾಲೆಯಲ್ಲಿ ಕಲಿಸುವ ಐಗಳ ಮಗ. “ನಾನು ಬಂದು ಎರಡು ವರ್ಷ, ಮೂರು ಗ್ರಂಥ ಮುಗಿಸಿದೆ. ಅವನು ಆರು ವರ್ಷವಾದರೂ ಕಾಗುಣಿತದಲ್ಲೇ ತಡವರಿಸುತ್ತಾನೆ. ಕುರಿ ಕಾಯಲು ಅವರಪ್ಪನ ಬಳಿಗೆ ವಾಪಸ್ಸು ಕಳಿಸಬಾರದೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಬೆಟ್ಟಸಾಲು. ಅದರ ಮೂಡಲಿಗೆ ಬಯಲು, ಪಡುವಲಿಗೆ ಕಡಲು. ಬಯಲಿನ ರೈತನೊಬ್ಬ ವರ್ಷಕ್ಕೊಮ್ಮೆ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಬೆಟ್ಟದ ನೆತ್ತಿಗೆ ಹೋಗುವನು. ಕಡಲ ಕಡೆಯಿಂದ ಒಬ್ಬ ಉಪ್ಪು ಹೊತ್ತು ಬರುವನು. ಅಕ್ಕಿ ಕೊಟ್ಟು ಉಪ್ಪು ಕೊಳ್ಳುವುದು. ನೆತ್ತಿಯಲ್ಲೊಂದು ಹಾಸುಗಲ್ಲಿತ್ತು. ಮೊದಲು ಬಂದವನು ಅದರ ಮೇಲೆ ಕೂರಬೇಕು, ತಡವಾಗಿ ಬಂದವನು ನಿಂತೇ ವ್ಯಾಪಾರ ಮುಗಿಸಬೇಕು. ಅದು ಅಲ್ಲಿಯ ಕಟ್ಟಳೆ.

ಇಪ್ಪತ್ತು ವರ್ಷ ರೈತನೇ ಕೂತ. ಉಪ್ಪಿನವನು ನಿಂತ.

“ಏನಯ್ಯಾ, ಈ ಸಲವೂ ದಾರಿಯಲ್ಲಿ ಗೊರಕೆ ಹೊಡೆದೆಯಾ?” ಎಂದು ರೈತ ನಗುವನು.

“ಬೆಟ್ಟ ಅಲ್ಲವಾ ಒಡೆಯಾ.”

“ನಾನೇನು ಹಾರಿ ಬಂದೆನೇ? ಇದೇ ಬೆಟ್ಟ ಹತ್ತಿದವನು.”

ಉಪ್ಪಿನವನು ಮೂಟೆ ಇಳಿಸಿ ಉಪ್ಪು ಅಳೆಯತೊಡಗುವನು. ಪಡುವಲ ಕಡೆ ಸದಾ ಮಂಜು. ರೈತ ಅತ್ತ ಇಣುಕಿದವನೇ ಅಲ್ಲ.

ಒಂದು ವರ್ಷ ಉಪ್ಪಿನವನು ಬರಲೇ ಇಲ್ಲ. ರೈತ ಮೂರು ದಿನ ಕಾದ. ಮನೆಯಲ್ಲಿ ಉಪ್ಪು ಮುಗಿದಿತ್ತು. ಸೋಮಾರಿಯನ್ನು ಎಬ್ಬಿಸಿಯೇ ತರುತ್ತೇನೆ ಎಂದು ಆ ಕಡೆ ಇಳಿಯತೊಡಗಿದ.

ನಾಲ್ಕು ಹೆಜ್ಜೆಗೆ ಎತ್ತು ನಿಂತುಬಿಟ್ಟಿತು. ಅದನ್ನು ಮರಕ್ಕೆ ಕಟ್ಟಿ ಮುಂದೆ ಹೋದ. ಅವನ ಕಡೆ ಬೆಟ್ಟವೆಂದರೆ ಹೊಲದ ಏರಿನ ಹಾಗೆ ನಿಧಾನಕ್ಕೆ ಏರುವ ನೆಲ. ಇಲ್ಲಿ ಬೆಟ್ಟ ಕಡಿದು ನಿಲ್ಲಿಸಿದಂತಿತ್ತು. ಬಂಡೆಯಲ್ಲಿ ಬೆರಳೂರುವಷ್ಟು ಮೆಟ್ಟಿಲು. ಅಲ್ಲಲ್ಲಿ ಬೇರು ಹಿಡಿದು ಜೋತು ಇಳಿಯಬೇಕು. ಮಳೆ ತಾಗದ ಕೆಲವು ಬಂಡೆಗಳ ಮೇಲೆ ಬಿಳಿ ಗೆರೆಗಳಿದ್ದವು. ಮುಟ್ಟಿ ನಾಲಿಗೆಗಿಟ್ಟುಕೊಂಡ. ಉಪ್ಪು. ಇಪ್ಪತ್ತು ವರ್ಷ ಮೂಟೆ ಉಜ್ಜಿದ ಜಾಗ ಅದು. ಆಮೇಲೆ ಅವನ ಬಾಯಲ್ಲಿ ಬೈಗುಳ ಉಳಿಯಲಿಲ್ಲ.

ಮರುದಿನ ಮಧ್ಯಾಹ್ನ ಕೆಳಗೆ ಮುಟ್ಟಿದ. ಉಪ್ಪಿನವನು ಮಂಡಿ ಊದಿಸಿಕೊಂಡು ಬೆಟ್ಟದ ಬುಡದ ತನ್ನ ಮನೆಯ ಜಗುಲಿಯ ಮೇಲೆ ಕೂತಿದ್ದ. ರೈತನನ್ನು ಕಂಡು ಗೋಡೆ ಹಿಡಿದು ಎದ್ದು ನಿಂತ.

“ಕೂತುಕೊಳ್ಳಿ ಒಡೆಯಾ. ಮೊದಲ ಸಲ ಇಳಿದಿದ್ದೀರಿ, ಕಾಲು ನಡುಗುತ್ತಿದೆ.”

ರೈತನಿಗೆ ಕೂರಲಾಗಲಿಲ್ಲ. ಅವನ ಮುಖ ನೋಡಲೂ ಆಗಲಿಲ್ಲ. ಉಪ್ಪಿನವನನ್ನು ಹಿಡಿದು ಕೂರಿಸಿ, ತಾನು ನಿಂತೇ ಇದ್ದ.

ಕತೆ ಮುಗಿಸಿ ಗುರುಗಳು ಶಿಷ್ಯನತ್ತ ತಿರುಗಿದರು.

“ನೀನು ಮೊದಲ ಅಕ್ಷರ ತಿದ್ದಿದ್ದು ನಿಮ್ಮಪ್ಪನ ತೊಡೆಯ ಮೇಲೆ ಕೂತು, ಅಲ್ಲವೇ ಶಿವದೇವ?”