ಹಿರಿಯಮ್ಮನ ಕಲ್ಲು

“ಗುರುಗಳೇ, ಬಿದ್ದ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸುವುದು ತಪ್ಪೇ?” ಎಂದು ಚನ್ನವೀರ ಕೇಳಿದ.

ಅವನದು ದೇಸಾಯರ ಮನೆತನ. ಅವರ ಹಳೆಯ ದೊಡ್ಡ ಮನೆಯಾದ ವಾಡೆ ಬಿದ್ದ ಮೇಲೆ ಅದರ ಕಂಬ, ತೊಲೆಗಳನ್ನು ಊರವರು ಹೊತ್ತೊಯ್ದು ತಮ್ಮ ಮನೆಗಳಿಗೆ ಹಾಕಿಕೊಂಡಿದ್ದರು. ಅವನ್ನೆಲ್ಲ ಕಿತ್ತು ತರಲು ಅವನು ಮಠ ಬಿಟ್ಟು ಹೊರಟಿದ್ದ. ಗುರುಗಳು ಕೂತು ಕೇಳು ಎಂದು ಒಂದು ಕತೆ ಹೇಳಿದರು.

ಬಹಳ ಹಿಂದೆ, ಆರ್ಮೇನಿಯ ಎಂಬ ಬೆಟ್ಟಗಳ ದೇಶದಲ್ಲಿ ಒಂದು ಸಾಮಂತ ಮನೆತನವಿತ್ತು. ತಲೆತಲಾಂತರದಿಂದ ಅವರು ಒಂದೇ ಕೋಟೆಯಲ್ಲಿ ಬಾಳಿದ್ದರು. ಶತ್ರುಗಳು ಬಂದರು, ಕೋಟೆ ಬಿತ್ತು, ಮನೆಯವರು ದಿಕ್ಕಾಪಾಲಾದರು. ಕೊನೆಗೆ ಉಳಿದವನು ವಾಸಾಕ್ ಒಬ್ಬನೇ. ಪರದೇಶದಲ್ಲಿ ಬೆಳೆದ, ಅಲ್ಲೇ ಕೂದಲು ನರೆಯಿತು. ಆದರೂ ಕೋಟೆ ಅವನ ಕಣ್ಣಿನಿಂದ ಮರೆಯಾಗಲಿಲ್ಲ. ಅಡುಗೆಮನೆಯ ನೆಲದಲ್ಲಿ ತೋಡಿದ, ಒಳಗೋಡೆಗೆ ರೊಟ್ಟಿ ಅಂಟಿಸಿ ಬೇಯಿಸುವ ಒಲೆ, ಪಕ್ಕದ ಕರಿಕಲ್ಲಿನ ಮೇಲೆ ರೊಟ್ಟಿ ಲಟ್ಟಿಸುತ್ತಿದ್ದ ಅಜ್ಜಿ. ಮೊದಲ ರೊಟ್ಟಿ ಬಾಗಿಲಿಗೆ ಬಂದವರಿಗೆ ಎನ್ನುವುದು ಆ ಮನೆಯ ಪದ್ಧತಿ. ಹುಡುಗ ವಾಸಾಕ್ ಎಷ್ಟು ರಂಪ ಮಾಡಿದರೂ ಅಜ್ಜಿ ಅದನ್ನು ಅವನಿಗೆ ಕೊಡುತ್ತಿರಲಿಲ್ಲ. ಆ ರೊಟ್ಟಿಯ ಘಮ ನೆನೆದರೆ ಮುದುಕನಾದ ಮೇಲೂ ಅವನಿಗೆ ಅಳು ಬರುತ್ತಿತ್ತು.

ಕಡೆಗೊಮ್ಮೆ ಹೊಸ ರಾಜ ಕೋಟೆಯನ್ನು ಅವನಿಗೇ ಮರಳಿ ಕೊಟ್ಟ. ವಾಸಾಕ್ ಕಲ್ಲುಕುಟಿಗರೊಂದಿಗೆ ಬಂದು ನೋಡಿದರೆ ಗುಡ್ಡದ ಮೇಲೆ ಗಾಳಿ ಬಿಟ್ಟು ಬೇರೇನೂ ಇಲ್ಲ. ಕಲ್ಲೆಲ್ಲ ಕೆಳಗಿನ ಹಳ್ಳಿಯ ಗೋಡೆಗಳಲ್ಲಿತ್ತು. ಅವನ ಮೈ ಉರಿಯಿತು. ಮನೆಮನೆಗೂ ಕಲ್ಲುಕುಟಿಗರನ್ನು ಕಳಿಸಿ ತನ್ನ ಕಲ್ಲುಗಳಿಗೆ ಸುಣ್ಣದ ಗುರುತು ಹಾಕಿಸಿದ. ಮರುದಿನ ಕೀಳುವುದೆಂದಾಯಿತು. ಹಿಮ ಬೀಳುವ ಕಾಲ ಹತ್ತಿರವಿತ್ತು. 

ಅಜ್ಜಿಯ ಕರಿಕಲ್ಲು ಮಾತ್ರ ಸಿಕ್ಕಿರಲಿಲ್ಲ. ಅದನ್ನು ಹುಡುಕುತ್ತ ಊರ ಕೊನೆಯ ಮನೆಗೆ ಅವನು ತಾನೇ ಹೋದ. ಕಣ್ಣು ಮಂಜಾದ ಒಬ್ಬ ಮುದುಕಿ ಅದೇ ಕಲ್ಲಿನ ಮೇಲೆ ರೊಟ್ಟಿ ಲಟ್ಟಿಸುತ್ತಿದ್ದಳು. ಬಂದವನು ಯಾರೆಂದು ಕೇಳದೆ, ಒಲೆಯ ಗೋಡೆಯಿಂದ ಆಗತಾನೆ ಬಿಡಿಸಿದ ರೊಟ್ಟಿಯನ್ನು ಅವನ ಕೈಗಿಟ್ಟಳು.

“ಮನೆಯವರು ಇನ್ನೂ ಉಂಡಿಲ್ಲವಲ್ಲ, ತಾಯಿ,” ಎಂದ.

“ಮೊದಲನೆಯದು ಬಂದವರಿಗಪ್ಪಾ. ಈ ಕಲ್ಲು ಕೋಟೆಯ ಹಿರಿಯಮ್ಮನದು. ಚಿಕ್ಕವಳಿದ್ದಾಗ ಅವರ ಬಾಗಿಲಲ್ಲಿ ನಾನೂ ತಿಂದವಳೇ. ಇದರ ಮೇಲೆ ಲಟ್ಟಿಸಿ ನಾವೇ ಮೊದಲು ತಿಂದರೆ ನಾಳೆ ಮೇಲೆ ಹೋದಾಗ ಆ ತಾಯಿಗೆ ಹೇಗೆ ಮುಖ ತೋರಿಸಲಿ?”

ವಾಸಾಕ್ ಕೈಯಲ್ಲಿನ ರೊಟ್ಟಿಯನ್ನೇ ನೋಡಿದ. ಬಾಲ್ಯದಲ್ಲಿ ಅತ್ತು ಕರೆದರೂ ಸಿಗದ ರೊಟ್ಟಿ ಅದು. ಕೋಟೆಯ ಕಲ್ಲಿನ ಆ ಹೊಸಿಲ ಮೇಲೆ ಕೂತು ಚೂರೂ ಬಿಡದೆ ತಿಂದ. ಎದ್ದವನು ಆ ಮನೆಯ ಗೋಡೆಯಿಂದಲೇ ಶುರುಮಾಡಿ, ಊರಿನ ಸುಣ್ಣದ ಗುರುತುಗಳನ್ನೆಲ್ಲ ತನ್ನ ಅಂಗಿಯ ತೋಳಿನಿಂದ ಒರೆಸುತ್ತ ಹೋದ. ಕಲ್ಲುಕುಟಿಗರನ್ನು ಹಿಂದಕ್ಕೆ ಕಳಿಸಿಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಂಕಟವಾಯಿತು. ಅಷ್ಟು ದೂರದಿಂದ ಬಂದರೂ ಪಾಪ, ಅವನಿಗೆ ತನ್ನ ಕೋಟೆ ಸಿಗಲೇ ಇಲ್ಲವಲ್ಲ ಎಂದ.

“ಮತ್ತೆ ಅವನು ರೊಟ್ಟಿ ತಿಂದದ್ದು ಎಲ್ಲಿ ಕೂತು?” ಎಂದರು ಗುರುಗಳು.