ಜವರನ ಸಾವಿರಬಾಳೆ

ಕತೆ ಕೇಳುವವರು ಹೂಂಗುಟ್ಟುತ್ತಾ ಇರಬೇಕು. ಇಲ್ಲವಾದರೆ ನಮ್ಮ ಜವರ ನಡುದಾರಿಯಲ್ಲೇ ನಿಂತುಬಿಡುತ್ತಾನೆ. ಅವನು ಅಂಥವನು!

ಕಪಿಲೆಯ ದಂಡೆಯ ಒಂದು ಊರಲ್ಲಿ ಹೊನ್ನವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಅವಳಿಗೆ ಇದ್ದದ್ದು ಹಿತ್ತಲಲ್ಲೊಂದು ಸಾವಿರಬಾಳೆ, ಮನೆಯಲ್ಲೊಬ್ಬ ಮಗ ಜವರ. ಬಾಳೆಯನ್ನು ನೋಡಿ ಊರವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು, ಮಗನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸಾವಿರಬಾಳೆ ಅಂದರೆ ನೀವು ನಾವು ಕಂಡ ಬಾಳೆಯಲ್ಲ. ಹಣ್ಣು ಮಕ್ಕಳ ಬೆರಳಿನಷ್ಟೇ. ಗೊನೆ ಮಾತ್ರ ಮುಗಿಯುವುದೇ ಇಲ್ಲ! ಚಿಪ್ಪಿನ ಕೆಳಗೆ ಚಿಪ್ಪು, ಚಿಪ್ಪಿನ ಕೆಳಗೆ ಚಿಪ್ಪು, ನೆಲ ಮುಟ್ಟುವ ತನಕ ಇಳಿಯುತ್ತದೆ. ಸುತ್ತ ಯಾವ ಊರಲ್ಲೂ ಅಂಥದ್ದು ಇರಲಿಲ್ಲ.

ಜವರನೂ ಕೆಟ್ಟವನೇನಲ್ಲ. ಮೈಗಳ್ಳನಲ್ಲ, ಸುಳ್ಳು ಗೊತ್ತಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ. "ನಾನಿರೋ ಗಂಟ ಸರಿ. ನಾನು ಹೋದ್ಮೇಲೆ ಇವನಿಗೆ ಗತಿ ಯಾರು ಶಿವನೇ? ಇವನ ಕೈ ಹಿಡಿಯೋ ಒಂದು ಹೆಣ್ಣು ಸಿಕ್ಕಿದ್ರೆ ಸಾಕು!" ಅಂತ ಹೊನ್ನವ್ವ ಒಲೆ ಮುಂದೆ ಕೂತಾಗಲೆಲ್ಲ ಕಣ್ಣೀರು ಹಾಕುತ್ತಿದ್ದಳು.

ಒಂದು ದಿನ ಗೊನೆಯ ಭಾರಕ್ಕೆ ಬಾಳೆ ವಾಲತೊಡಗಿತು. ಜವರ ಎದುರಿಗೇ ನಿಂತು ನೋಡುತ್ತಿದ್ದ. ಹೊನ್ನವ್ವ ಓಡಿ ಬಂದು ಕವೆಗೋಲು ಕೊಟ್ಟು ನಿಲ್ಲಿಸಿದಳು.

"ಲೋ ಪೆದ್ದೆ! ನೋಡ್ಕೊಂಡು ನಿಂತಿದ್ದೀಯಲ್ಲೋ!"

"ನೀನು ಬಾಳೆ ನೋಡ್ಕೋ ಅಂದಿದ್ದೆ ಕಣವ್ವ. ನೋಡ್ತಾ ಇದ್ದೆ."

"ಬಾಗಿದ್ದು ಕಂಡ ತಕ್ಷಣ ಕವೆಗೋಲು ತಂದು ಒತ್ತು ಕೊಡಬೇಕು ಕಣ್ಲಾ!"

"ಹಂಗೇ ಆಗ್ಲಿ ಕಣವ್ವ."

ಮಾರನೆ ದಿನ ಪಕ್ಕದ ಮನೆಯ ದಾಸಪ್ಪಜ್ಜ ಗೊನೆ ನೋಡಲು ಬಂದ. ಅಜ್ಜನ ಬೆನ್ನು ಮೊದಲೇ ಗೂನು. ಗೊನೆಯ ತುದಿ ನೋಡಲು ಇನ್ನೂ ಬಗ್ಗಿದ. ಜವರ ಕಂಡ. ಬಾಗಿದೆ! ಓಡಿದ, ಕವೆಗೋಲು ತಂದ, ಅಜ್ಜನ ಎದೆಗೆ ಕೊಟ್ಟು ಎತ್ತಿಯೇ ಎತ್ತಿದ.

"ಅಯ್ಯಯ್ಯೋ! ಸತ್ತೆನಪ್ಪೋ!"

"ಅಲ್ಲಾಡಬ್ಯಾಡ ಅಜ್ಜ, ನೆಟ್ಟಗಾಗ್ತಾ ಇದ್ದೀಯ!"

ಹೊನ್ನವ್ವ ಬಂದು ಅಜ್ಜನನ್ನು ಬಿಡಿಸಿದಳು. "ಮನೆಗೆ ಬಂದವರಿಗೆ ಕೋಲು ಕೊಡ್ತಾರೇನೋ, ಮೂದೇವಿ! 'ಬನ್ನಿ' ಅಂತ ಕರೆದು, ಚಾಪೆ ಹಾಸಿ, ಬಾಳೆ ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಿ, ಕೈ ಮುಗಿದು ಕಳಿಸಬೇಕು!"

"ಹಂಗೇ ಆಗ್ಲಿ ಕಣವ್ವ."

ಆಮೇಲೆ ಬಂದದ್ದು ಯಾರು ಅಂತೀರಿ? ಒಂದು ಎಮ್ಮೆ. ಬೇಲಿ ನುಗ್ಗಿ ಬಂತು. "ಬನ್ನಿ, ಬನ್ನಿ" ಅಂದ ಜವರ. ಚಾಪೆ ಹಾಸಿದ. ಎಮ್ಮೆ ಕೂರಲಿಲ್ಲ, ಅದೇ ಅವನಿಗೆ ಬೇಜಾರು. ಎಲೆ ಹಾಕಿದ, ಎಮ್ಮೆ ಎಲೆ ತಿಂದಿತು. ಇನ್ನೊಂದು ಎಲೆ ಹಾಕಿದ, ಅದನ್ನೂ ತಿಂದಿತು. "ಪಾಪ, ಎಷ್ಟು ಹಸಿದಿದ್ದಾರೋ!" ಅಂತ ಗೊನೆಯಿಂದ ಚಿಪ್ಪು ಮುರಿದ, ಬಡಿಸಿದ. ಮುರಿದ, ಬಡಿಸಿದ. ಕೊನೆಗೆ ಕೈ ಮುಗಿದು ಬೇಲಿಯವರೆಗೂ ಕಳಿಸಿಬಂದ.

ಹೊನ್ನವ್ವ ಬಂದು ನೋಡುತ್ತಾಳೆ, ಅರ್ಧ ಗೊನೆ ಇಲ್ಲ! ತಲೆ ತಲೆ ಚಚ್ಚಿಕೊಂಡಳು. "ಎಮ್ಮೆಗೆ ಎಲೆ ಹಾಕಿದೆಯೇನೋ! ನಮ್ಮ ಬಾಳೆಗೆ ಬಾಯಿ ಹಾಕೋಕೆ ಬಂದ್ರೆ 'ಹೈ ಹೈ' ಅಂತ ಕೂಗಿ, ಮಣ್ಣಿನ ಹೆಂಟೆ ಬೀರಿ, ಬೇಲಿ ಹಾರಿಸಿ ಓಡಿಸಬೇಕು!"

"ಹಂಗೇ ಆಗ್ಲಿ ಕಣವ್ವ."

ಹೊನ್ನವ್ವನ ಪುಣ್ಯವೋ ಏನೋ, ಅದೇ ವಾರ ಹೊಳೆಯಾಚೆಯ ಬೆಟ್ಟೇಗೌಡ ತನ್ನ ಮಗಳು ಮಾದೇವಿಗೆ ಗಂಡು ನೋಡಲು ಬಂದ. ಗೌಡನಿಗೆ ಬಾಳೆ ಅಂದರೆ ಪ್ರಾಣ. ಹುಡುಗನನ್ನು ಒಂದು ಗಳಿಗೆ ನೋಡಿದ, ಗೊನೆಯನ್ನು ಕಣ್ಣು ಮಿಟುಕಿಸದೆ ನೋಡಿದ. ಹೊನ್ನವ್ವ ಕಾಫಿ ಕಾಯಿಸಲು ಒಳಗೆ ಹೋದಳು. ಗೌಡ ಒಂದು ಹಣ್ಣು ಕಿತ್ತ, ಸುಲಿದ, ಬಾಯಿಗಿಟ್ಟ.

"ಹೈ! ಹೈ! ಹೈ!"

ಮೊದಲ ಹೆಂಟೆ ಪೇಟಕ್ಕೆ ಬಿತ್ತು. ಎರಡನೆಯದು ಬೆನ್ನಿಗೆ. ಹೊನ್ನವ್ವ ಕಾಫಿ ಹಿಡಿದು ಹೊರಗೆ ಬರುವಾಗ ಗೌಡ ಬೇಲಿಯಾಚೆ ಇದ್ದ, ಅವನ ಪಂಚೆಯ ಚೂರು ಬೇಲಿಯ ಮುಳ್ಳಿನಲ್ಲಿತ್ತು.

ಈ ಸಲ ಅವಳಿಗೆ ಬೈಯಲೂ ಶಕ್ತಿ ಇರಲಿಲ್ಲ. ಕೂತು ಅತ್ತಳು. "ಬಂದ ಭಾಗ್ಯನ ಹೆಂಟೆ ಹೊಡೆದು ಓಡಿಸಿದೆಯಲ್ಲೋ ಮಗನೇ!" ತಾಯಿ ಅಳುವುದನ್ನು ನೋಡಿ ಜವರನೂ ಅತ್ತ. ಯಾಕೆ ಅಂತ ಅವನಿಗೆ ಗೊತ್ತಿಲ್ಲ, ಆದರೂ ಅತ್ತ.

ಕೊನೆಗೆ ಅವಳು ಮೂಗು ಒರೆಸಿಕೊಂಡು ಹೇಳಿದಳು: "ಗೌಡ್ರಿಗೆ ಸಾವಿರಬಾಳೆಯ ಒಂದು ಮರಿ ಕಂದು ಕೊಟ್ಟು, ತಪ್ಪಾಯ್ತು ಅಂತ ಕಾಲಿಗೆ ಬೀಳು. ಹೆಣ್ಣಿನ ಮನೆ ಕಣಪ್ಪ. ಮಣ್ಣು ಮಸಿ ಇಲ್ಲದ ಹಂಗೆ ತಿಕ್ಕಿ ತೊಳೆದು, ಕ್ಷೌರ ಮಾಡಿಸಿ, ಎಣ್ಣೆ ಹಚ್ಚಿ ಹೋಗಬೇಕು."

"ಹಂಗೇ ಆಗ್ಲಿ ಕಣವ್ವ."

ತಾಯಿಗಿಡದ ಬುಡದಿಂದ ಕಂದು ಕಿತ್ತ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದ. ಅದನ್ನೇ ಕ್ಷೌರದವನ ಮುಂದೆ ಕೂರಿಸಿದ! ಬೇರುಗಳನ್ನೆಲ್ಲ ನುಣ್ಣಗೆ ಬೋಳಿಸಿ, ಹರಳೆಣ್ಣೆ ಹಚ್ಚಿದ. ತಾನು ಮಾತ್ರ ಕೆದರಿದ ತಲೆಯಲ್ಲೇ, ಕೆಸರು ಕಾಲಲ್ಲೇ ಹೋಗಿ ಗೌಡನ ಮುಂದೆ ಕಂದು ಇಟ್ಟು ಕಾಲಿಗೆ ಬಿದ್ದ. ಬಿಸಿಲಿಗೆ ಅದು ಬಾಡಿ ಜೋತು ಬಿದ್ದಿತ್ತು.

"ಏನಯ್ಯಾ ಇದು, ಎಣ್ಣೆ ಕುಡಿದ ಮೂಲಂಗಿ!" ಅಂತ ಗೌಡ ಗದರಿದ. ಜವರ ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದ. ಕವೆಗೋಲಿಂದ ಕ್ಷೌರದವರೆಗೆ.

ಬಾಗಿಲ ಹಿಂದೆ ಕಿಸಕ್ಕಂತ ನಗು. ಮಾದೇವಿ! ನಕ್ಕು ನಕ್ಕು ಬಾಗಿಲು ಹಿಡಿದುಕೊಂಡು ನಿಂತಿದ್ದಳು. "ಅಪ್ಪಾ, ನಂಗೆ ಇವರೇ ಇರಲಿ. ಹೇಳಿದ್ದೊಂದು ಮಾಡೋದೊಂದು ಅನ್ನೋ ಗಂಡಸರು ಊರು ತುಂಬ ಅವ್ರೆ. ಹೇಳಿದ್ದನ್ನೇ ಮಾಡೋರು ಎಲ್ಲವ್ರೆ?"

ಗೌಡ ಮಗಳನ್ನು ನೋಡಿದ, ಸಾವಿರಬಾಳೆಯ ಕಂದನ್ನು ನೋಡಿದ. ಆಗಲಿ ಅಂದ.

ಸುದ್ದಿ ಕೇಳಿ ಹೊನ್ನವ್ವ ಹಿಗ್ಗಿದಳು. ಆದರೂ ಕಂದಿನ ವಿಷಯಕ್ಕೆ ಬೈಯದೆ ಬಿಡಲಿಲ್ಲ. "ಸಂಕಟ ಆಗಲ್ವೇನೋ ಅದಕ್ಕೆ! ತಾಯಿ ಬುಡದಿಂದ ಬಿಡಿಸಿ ತಂದದ್ದು ಬಾಡೇ ಬಾಡ್ತದೆ. ತಕ್ಷಣ ಗುಂಡಿ ತೋಡಿ ನಿಲ್ಲಿಸಿ, ಮೊಣಕಾಲುದ್ದ ಮಣ್ಣು ಮುಚ್ಚಿ, ತುಳಿದು, ನೆರಳು ಮಾಡಿ, ನೀರು ಹುಯ್ಯಬೇಕು. ಚಿಗುರೋ ಗಂಟ ಅಲ್ಲಾಡಿಸಬಾರದು!"

"ಹಂಗೇ ಆಗ್ಲಿ ಕಣವ್ವ."

ಮದುವೆ ಆಯಿತು. ತಾಯಿಯನ್ನು ಬಿಟ್ಟು ಬರುವಾಗ ಮಾದೇವಿ ದಾರಿಯುದ್ದಕ್ಕೂ ಅತ್ತಳು. ಮುಖ ಬಾಡಿತ್ತು, ತಲೆ ಜೋತಿತ್ತು. ಜವರ ಅವಳನ್ನೇ ನೋಡುತ್ತಾ ಬಂದ. ಮನೆ ತುಂಬಿಸಿಕೊಂಡದ್ದಾಯಿತು, ನೆಂಟರೆಲ್ಲ ಊಟಕ್ಕೆ ಕೂತರು. ಮೊದಲ ಎಲೆಗೆ ಬಡಿಸಲು ಹೊನ್ನವ್ವ ಸೊಸೆಯನ್ನು ಕರೆಯುತ್ತಾಳೆ, ಸೊಸೆ ಇಲ್ಲ! ಮಗನೂ ಇಲ್ಲ! ಹೊಸ ಹೆಣ್ಣು ಒಂದು ದಿನವೂ ನಿಲ್ಲದೆ ತವರಿಗೆ ಓಡಿಹೋದಳೇ? ಹಿತ್ತಲಿಗೆ ಓಡಿದಳು.

ಹಿತ್ತಲಲ್ಲಿ ಸೊಸೆ ಮೊಣಕಾಲವರೆಗೆ ಮಣ್ಣಲ್ಲಿ ನಿಂತಿದ್ದಳು! ತಲೆಯ ಮೇಲೆ ಬಾಳೆ ಎಲೆಯ ನೆರಳು. ಜವರ ಸುತ್ತಲೂ ಮಣ್ಣು ತುಳಿದು ತುಳಿದು, ಬುಡಕ್ಕೆ ಬಿಂದಿಗೆಯಿಂದ ನೀರು ಹುಯ್ಯುತ್ತಿದ್ದ.

"ಲೋ ಮುಂಡೇಮಗನೇ! ತೆಗಿಯೋ ಅವಳನ್ನ!"

"ಶ್! ಅಲ್ಲಾಡಿಸಬ್ಯಾಡ ಕಣವ್ವ. ತಾಯಿ ಬುಡದಿಂದ ಈಗ ತಂದಿವ್ನಿ."

"ಅಯ್ಯೋ ನನ್ನವ್ವ, ನೀನಾದ್ರೂ ಬ್ಯಾಡ ಅನ್ನಬಾರದಿತ್ತೇನೇ!"

ಮಾದೇವಿಯ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡಳು, ತಡೆಯಲಾಗಲಿಲ್ಲ, ಬಿದ್ದು ಬಿದ್ದು ನಕ್ಕಳು. "ಇರಲಿ ಬಿಡಿ ಅತ್ತೆ. ನಡೆದು ನಡೆದು ಕಾಲು ಉರೀತಿತ್ತು. ತಣ್ಣಗೆ ಹಿತವಾಗಿ ಅದೆ."

ಜವರ ಬಿಂದಿಗೆ ಬಿಸಾಕಿ ಕುಣಿದಾಡಿಬಿಟ್ಟ.

"ನೋಡವ್ವಾ, ನೋಡು! ಆಗಲೇ ಚಿಗುರಿದಳು!"